ಅಗ್ನಿಶಾಮಕ ತರಬೇತುದಾರ ಆಗೋದು ಹೇಗೆ? ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕಿನವರಿಗೆ ಮಾಹಿತಿ

ಹಾವೇರಿ: ‘ಫೈರ್ ಅಂಡ್ ಸೇಫ್ಟಿ ಡಿಪ್ಲೊಮಾ, ಆರೇ ತಿಂಗಳು, ಕೆಲಸ ಗ್ಯಾರಂಟಿ’. ಇಂಥ ಜಾಹೀರಾತು ಮೊಬೈಲ್‌ಗೆ ಬಂದಾಗ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಮನೆಯಲ್ಲಿರುವ ಮಕ್ಕಳಿಗೂ ಅವರ ಪಾಲಕರಿಗೂ ಆಸೆ ಹುಟ್ಟುವುದು ಸಹಜ. ಈ ಕ್ಷೇತ್ರದಲ್ಲಿ ಕೆಲಸ ಇರುವುದು ನಿಜ. ಆದರೆ ಬೆಂಕಿ ಆರಿಸುವುದನ್ನು ಇನ್ನೊಬ್ಬರಿಗೆ ಕಲಿಸುವ ಹುದ್ದೆ ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಸಿಗುವಂಥದ್ದಲ್ಲ. ಮೊದಲು ಬೆಂಕಿ ಮುಂದೆ ನಿಂತು ದುಡಿಯಬೇಕು, ಆಮೇಲೆ ಕಲಿಸಬೇಕು. ಇದು ಗೊತ್ತಿಲ್ಲದೆ ಸಾಲ ಮಾಡಿ ಫೀ ಕಟ್ಟಿದರೆ ಹಣವೂ ಹೋಗುತ್ತೆ, ವಯೋಮಿತಿಯ ವರ್ಷಗಳೂ ಹೋಗ್ತವೆ. ಯಾವ ದಾರಿ ಎಲ್ಲಿಗೆ ಮುಟ್ಟುತ್ತದೆ, ಅಂಗಡಿಕಾರರು ತರಬೇತಿಗೆ ಯಾರನ್ನು ಕರೆಸಬೇಕು ಎಂಬ ವಿವರ ಇಲ್ಲಿದೆ.

ತರಬೇತುದಾರನ ಕೆಲಸ ಏನು?

ಅಗ್ನಿಶಾಮಕ ತರಬೇತುದಾರರಲ್ಲಿ ಸ್ಥೂಲವಾಗಿ ಮೂರು ಬಗೆ. ಮೊದಲನೆಯವರು ಇಲಾಖೆಯ ತರಬೇತಿ ಕೇಂದ್ರದಲ್ಲಿ ಹೊಸ ಸಿಬ್ಬಂದಿಗೆ ಪೈಪ್ ಹಾಕುವುದು, ಏಣಿ ಹತ್ತುವುದು, ಹೊಗೆ ತುಂಬಿದ ಕೋಣೆಯಿಂದ ಜನರನ್ನು ಹೊರತರುವುದು ಇತ್ಯಾದಿ ಕಲಿಸುವವರು. ಎರಡನೆಯವರು ಕಾರ್ಖಾನೆ, ಆಸ್ಪತ್ರೆ, ವಿಮಾನ ನಿಲ್ದಾಣಗಳಲ್ಲಿ ಅಲ್ಲಿನ ನೌಕರರಿಗೆ ಹೇಳಿಕೊಡುವವರು. ಮೂರನೆಯವರು ಶಾಲೆ, ಅಂಗಡಿ, ಪೆಟ್ರೋಲ್ ಬಂಕ್, ಕಲ್ಯಾಣ ಮಂಟಪಗಳಿಗೆ ಹೋಗಿ ಒಂದೆರಡು ತಾಸಿನ ಅಣಕು ಪ್ರದರ್ಶನ ನಡೆಸುವವರು.

ಅಮೆರಿಕದಲ್ಲಿ ಬಹಳ ವರ್ಷ ಬಳಕೆಯಲ್ಲಿದ್ದ ಎನ್‌ಎಫ್‌ಪಿಎ 1041 ಎಂಬ ಮಾನದಂಡ ಅಗ್ನಿಶಾಮಕ ಬೋಧಕರನ್ನು ಮೂರು ಹಂತಗಳಲ್ಲಿ ಗುರುತಿಸುತ್ತಿತ್ತು. ಬೇರೆಯವರು ಸಿದ್ಧ ಮಾಡಿಕೊಟ್ಟ ಪಾಠವನ್ನು ಸರಿಯಾಗಿ ಹೇಳಿಕೊಡುವವರು ಮೊದಲ ಹಂತ. ತಾವೇ ಪಾಠ ಸಿದ್ಧಪಡಿಸುವವರು ಎರಡನೇ ಹಂತ. ಇಡೀ ಕೋರ್ಸ್ ರೂಪಿಸಿ ನಡೆಸುವವರು ಮೂರನೇ ಹಂತ. ಅಂದರೆ ಬೆಂಕಿ ಆರಿಸುವ ವಿದ್ಯೆ ಬೇರೆ, ಅದನ್ನು ಕಲಿಸುವ ವಿದ್ಯೆ ಬೇರೆ. ಈ ಹುದ್ದೆಗೆ ಎರಡೂ ಬೇಕು.

ಈ ಭಾಗದಲ್ಲಿ ಯಾಕೆ ಬೇಕು?

2023ರ ಆಗಸ್ಟ್ 29ರಂದು ಹಾವೇರಿ ಸಮೀಪದ ಆಲದಕಟ್ಟಿ ಬಳಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಒಳಗಿದ್ದ ಕೆಲಸಗಾರರು ಪ್ರಾಣ ಕಳೆದುಕೊಂಡದ್ದನ್ನು ಜಿಲ್ಲೆ ಮರೆತಿಲ್ಲ. ಅದೇ ವರ್ಷ ಅಕ್ಟೋಬರ್ 7ರಂದು ಬೆಂಗಳೂರು ಹತ್ತಿರದ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಂಥ ಕಡೆ ಮೊದಲ ಒಂದೆರಡು ನಿಮಿಷದಲ್ಲಿ ಏನು ಮಾಡಬೇಕು, ಯಾವ ಬಾಗಿಲಿಂದ ಓಡಬೇಕು ಎಂಬುದು ಕೆಲಸಗಾರರಿಗೆ ಮೊದಲೇ ಗೊತ್ತಿರಬೇಕು. ಅಗ್ನಿಶಾಮಕ ವಾಹನ ಎಷ್ಟೇ ಬೇಗ ಬಂದರೂ ಆ ಮೊದಲ ನಿಮಿಷಗಳು ಸ್ಥಳದಲ್ಲಿದ್ದವರ ಕೈಯಲ್ಲೇ ಇರ್ತವೆ.

ಹಳ್ಳಿಗಳ ಕಡೆ ಬೆಂಕಿಯ ಸ್ವಭಾವವೇ ಬೇರೆ. ಮೇವು ತುಂಬಿದ ಟ್ರ್ಯಾಕ್ಟರ್ ಜೋತುಬಿದ್ದ ಕರೆಂಟ್ ತಂತಿಗೆ ತಾಗುವುದು, ಕಬ್ಬಿನ ರವದಿಗೆ ಹಚ್ಚಿದ ಬೆಂಕಿ ಪಕ್ಕದ ಹೊಲಕ್ಕೆ ಹಬ್ಬುವುದು, ಗೋವಿನಜೋಳದ ಸೊಪ್ಪೆಯ ಬಣವೆ ಉರಿಯುವುದು ಬೇಸಿಗೆಯಲ್ಲಿ ಆಗುವಂಥವೇ. ಹತ್ತಿಗೆ ಬೆಂಕಿ ಬಿದ್ದರೆ ಮೇಲೆ ಆರಿದಂತೆ ಕಂಡರೂ ಅಂಡಿಗೆಯ ಒಳಗೆ ಕುದಿಯುತ್ತಲೇ ಇರುತ್ತದೆ. ಬಿಚ್ಚಿ ತೋಯಿಸದಿದ್ದರೆ ರಾತ್ರಿ ಮತ್ತೆ ಹೊತ್ತಿಕೊಳ್ಳುತ್ತೆ. ಮೆಣಸಿನಕಾಯಿ ಗೋದಾಮಿನ ಹೊಗೆಯಲ್ಲಂತೂ ಉಸಿರಾಟದ ಉಪಕರಣ ಇಲ್ಲದೆ ಒಳಹೋಗುವ ಮಾತೇ ಇಲ್ಲ. ಬೆಂಗಳೂರಿನ ಆಫೀಸುಗಳಿಗೆ ಮಾಡಿದ ಸ್ಲೈಡ್‌ಗಳನ್ನೇ ತಂದು ಇಲ್ಲಿ ತೋರಿಸಿದರೆ ಪ್ರಯೋಜನ ಕಡಿಮೆ. ಊರಿನ ಬೆಳೆ, ಗೋದಾಮು, ಸಂತೆ ಗೊತ್ತಿರುವ ತರಬೇತುದಾರ ಹೆಚ್ಚು ಉಪಯೋಗಕ್ಕೆ ಬರ್ತಾನೆ.

ಶಾಲೆಗಳಿಗೂ ತರಬೇತಿ ಬೇಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಆ ದುರಂತದ ನಂತರ ನಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್‌ನಲ್ಲಿ ಶಾಲೆಗಳಲ್ಲಿ ಅಗ್ನಿನಂದಕ ಇಡಬೇಕು, ಶಿಕ್ಷಕರಿಗೂ ಸಿಬ್ಬಂದಿಗೂ ಅದರ ಬಳಕೆಯ ತರಬೇತಿ ಕೊಡಬೇಕು ಎಂದು ಹೇಳಿತು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು 9 ಮಂದಿ ಸತ್ತ ಮೇಲೆ ಕಚೇರಿ ಕಟ್ಟಡಗಳಲ್ಲೂ ಅಣಕು ಪ್ರದರ್ಶನದ ಮಾತು ಹೆಚ್ಚಾಯಿತು.

ಮೊದಲ ದಾರಿ: ರಾಜ್ಯ ಅಗ್ನಿಶಾಮಕ ಇಲಾಖೆ

ತರಬೇತುದಾರ ಆಗಲು ಗಟ್ಟಿಯಾದ ದಾರಿ ಅಂದ್ರೆ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಸೇರುವುದು. 1964ರ ಕಾಯ್ದೆಯಡಿ ನಡೆಯುವ ಈ ಇಲಾಖೆಯಲ್ಲಿ ಅಗ್ನಿಶಾಮಕ, ಚಾಲಕ, ಪ್ರಮುಖ ಅಗ್ನಿಶಾಮಕ, ಸಹಾಯಕ ಠಾಣಾಧಿಕಾರಿ, ಠಾಣಾಧಿಕಾರಿ, ಜಿಲ್ಲಾ ಅಗ್ನಿಶಾಮಕ ಅಧಿಕಾರಿ ಹೀಗೆ ಹುದ್ದೆಗಳ ಸಾಲು ಇದೆ. ಕಳೆದ ನೇಮಕಾತಿಗಳಲ್ಲಿ ಅಗ್ನಿಶಾಮಕ ಹುದ್ದೆಗೆ ಎಸ್ಸೆಸ್ಸೆಲ್ಸಿ, ಚಾಲಕ ಹುದ್ದೆಗೆ ಅದರ ಜತೆ ಭಾರಿ ವಾಹನದ ಲೈಸೆನ್ಸ್, ಠಾಣಾಧಿಕಾರಿ ಹುದ್ದೆಗೆ ಪದವಿ ಕೇಳಲಾಗಿತ್ತು. ವಯಸ್ಸು, ಎತ್ತರ, ಎದೆಯಳತೆ, ಓಟದ ಸಮಯವನ್ನು ಆಯಾ ಅಧಿಸೂಚನೆಯಲ್ಲೇ ನೋಡಬೇಕು. ಹಳೆಯ ಅಧಿಸೂಚನೆ ನಂಬಿ ಕೂರಬಾರದು.

ಆಯ್ಕೆಯಾದವರಿಗೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಆರ್.ಎ. ಮುಂಡ್ಕೂರ್ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಅಕಾಡೆಮಿ ಇಲಾಖೆಯ ಮುಖ್ಯ ತರಬೇತಿ ಕೇಂದ್ರ. ಇಲ್ಲಿ ತರಬೇತಿಗೆ ಅಭ್ಯರ್ಥಿ ಫೀ ಕಟ್ಟಬೇಕಿಲ್ಲ. ನೌಕರಿ ಮೊದಲು, ತರಬೇತಿ ಆಮೇಲೆ. ಖಾಸಗಿ ಡಿಪ್ಲೊಮಾಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಠಾಣೆಯಲ್ಲಿ ಕೆಲವು ವರ್ಷ ದುಡಿದವರಿಗೆ ಕಲಿಸುವ ಅವಕಾಶ ತಾನಾಗಿಯೇ ಬರುತ್ತೆ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಗೊಂಡು ಹುತಾತ್ಮರಾದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಈ ಸಪ್ತಾಹ. ಆಗ ಠಾಣೆಯ ಸಿಬ್ಬಂದಿ ಶಾಲೆ, ಬಸ್ ನಿಲ್ದಾಣ, ಮಾರುಕಟ್ಟೆಗಳಲ್ಲಿ ಪ್ರಾತ್ಯಕ್ಷಿಕೆ ಕೊಡ್ತಾರೆ. ಜನರ ಎದುರು ನಿಂತು ತಿಳಿಯುವಂತೆ ಮಾತಾಡಬಲ್ಲವರು ಅಲ್ಲೇ ಗುರುತಿಗೆ ಬರುತ್ತಾರೆ.

ನಾಗ್ಪುರದ ಕಾಲೇಜು

ದೇಶದಲ್ಲಿ ಈ ವಿದ್ಯೆಗೆ ದೊಡ್ಡ ಹೆಸರು ನಾಗ್ಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು. ಕೇಂದ್ರ ಗೃಹ ಸಚಿವಾಲಯದಡಿ ಬರುವ ಈ ಸಂಸ್ಥೆ 1956ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ಶುರುವಾಗಿ ಮರುವರ್ಷ ನಾಗ್ಪುರಕ್ಕೆ ಬಂತು. ರಾಜ್ಯಗಳ ಅಗ್ನಿಶಾಮಕ ಅಧಿಕಾರಿಗಳು ಮೇಲಿನ ತರಬೇತಿಗೆ ಇಲ್ಲಿಗೇ ಹೋಗ್ತಾರೆ. ಇಲ್ಲಿನ ಹಳೆಯ ಕೋರ್ಸೊಂದರ ಹೆಸರೇ ‘ಸ್ಟೇಷನ್ ಆಫೀಸರ್ ಮತ್ತು ಇನ್‌ಸ್ಟ್ರಕ್ಟರ್’. ಠಾಣೆ ನಡೆಸುವವನೇ ಕಲಿಸುವವನೂ ಆಗಬೇಕು ಎಂಬ ಲೆಕ್ಕ ಆ ಹೆಸರಿನಲ್ಲೇ ಇದೆ. ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಇಲ್ಲಿ ಫೈರ್ ಎಂಜಿನಿಯರಿಂಗ್ ಪದವಿಯೂ ಇದೆ. ಕೇರಳದ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಸೇಫ್ಟಿ ಮತ್ತು ಫೈರ್ ಎಂಜಿನಿಯರಿಂಗ್ ಬಿ.ಟೆಕ್ ಸಿಗುತ್ತದೆ.

‘ಇದು ಗಂಡಸರ ಕೆಲಸ’ ಎನ್ನುವವರಿಗೆ ಇದೇ ನಾಗ್ಪುರ ಕಾಲೇಜಿನಲ್ಲಿ ಉತ್ತರ ಇದೆ. ಅಲ್ಲಿ ಓದಿದ ಮೊದಲ ಮಹಿಳೆ ಹರ್ಷಿಣಿ ಕನ್ಹೇಕರ್ ಮುಂದೆ ಒಎನ್‌ಜಿಸಿಯಲ್ಲಿ ಅಗ್ನಿಶಾಮಕ ಅಧಿಕಾರಿಯಾದರು.

ಕೇಂದ್ರದ ನೌಕರಿಗಳು

ಸಿಐಎಸ್ಎಫ್ ಫೈರ್ ಕಾನ್‌ಸ್ಟೆಬಲ್: 2024ರ ಅಧಿಸೂಚನೆ ಪ್ರಕಾರ ಪಿಯುಸಿ ವಿಜ್ಞಾನ ಪಾಸಾದ ಪುರುಷ ಅಭ್ಯರ್ಥಿಗಳಿಗೆ ಅವಕಾಶ ಇತ್ತು. ವಯಸ್ಸು 18ರಿಂದ 23. ಸಾಮಾನ್ಯ ವರ್ಗಕ್ಕೆ ಎತ್ತರ 170 ಸೆಂ.ಮೀ. ಐದು ಕಿ.ಮೀ. ಓಟವನ್ನು 24 ನಿಮಿಷದಲ್ಲಿ ಮುಗಿಸಬೇಕಿತ್ತು. ವೇತನ ಶ್ರೇಣಿ ₹21,700ರಿಂದ ₹69,100. ಈ ಪಡೆಗೆ ಹೈದರಾಬಾದ್‌ನಲ್ಲಿ ತನ್ನದೇ ಅಗ್ನಿಶಾಮಕ ತರಬೇತಿ ಸಂಸ್ಥೆ ಇದೆ. ಅನುಭವಿಗಳು ಅಲ್ಲಿ ಬೋಧಕರಾಗುವುದುಂಟು.

ವಿಮಾನ ನಿಲ್ದಾಣ ಪ್ರಾಧಿಕಾರ: ಜೂನಿಯರ್ ಅಸಿಸ್ಟೆಂಟ್ (ಫೈರ್ ಸರ್ವಿಸ್) ಹುದ್ದೆಗೆ ಪಿಯುಸಿ, ಇಲ್ಲವೇ ಎಸ್ಸೆಸ್ಸೆಲ್ಸಿ ನಂತರ ಮೆಕ್ಯಾನಿಕಲ್, ಆಟೊಮೊಬೈಲ್ ಅಥವಾ ಫೈರ್ ವಿಷಯದಲ್ಲಿ ಮೂರು ವರ್ಷದ ಡಿಪ್ಲೊಮಾ ಕೇಳ್ತಾರೆ. ಜತೆಗೆ ವಾಹನ ಚಾಲನೆ ಲೈಸೆನ್ಸ್ ಬೇಕು. ವೇತನ ಶ್ರೇಣಿ ₹31,000ರಿಂದ ₹92,000. ಪ್ರಾಧಿಕಾರದ ಅಗ್ನಿಶಾಮಕ ತರಬೇತಿ ಕೇಂದ್ರಗಳು ದೆಹಲಿ ಮತ್ತು ಕೋಲ್ಕತ್ತದಲ್ಲಿವೆ.

ಲೈಸೆನ್ಸ್ ಈ ಕ್ಷೇತ್ರದಲ್ಲಿ ಬಹಳ ಕಡೆ ಉಪಯೋಗಕ್ಕೆ ಬರುತ್ತೆ. 18 ತುಂಬಿದ ಕೂಡಲೇ ಲಘು ವಾಹನದ ಲೈಸೆನ್ಸ್ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಖಾಸಗಿ ವಲಯ, ಗಲ್ಫ್ ಮತ್ತು ಸ್ವಂತ ಉದ್ಯೋಗ

ಐಟಿಐಗಳಲ್ಲಿ ‘ಫೈರ್ ಟೆಕ್ನಾಲಜಿ ಮತ್ತು ಇಂಡಸ್ಟ್ರಿಯಲ್ ಸೇಫ್ಟಿ ಮ್ಯಾನೇಜ್‌ಮೆಂಟ್’ ಎಂಬ ಮಾನ್ಯತೆ ಇರುವ ಟ್ರೇಡ್ ಇದೆ. ಎಲ್ಲ ಕಡೆ ನಡೆಯುವುದಿಲ್ಲ, ವಿಚಾರಿಸಿ ಸೇರಬೇಕು. ಇದನ್ನು ಮುಗಿಸಿದವರಿಗೆ ಕಾರ್ಖಾನೆಗಳಲ್ಲಿ ಸೇಫ್ಟಿ ಸಹಾಯಕನ ಕೆಲಸ ಸಿಗಬಹುದು. ಗಲ್ಫ್ ಕಂಪನಿಗಳು ಹೆಚ್ಚಾಗಿ ಬ್ರಿಟನ್ನಿನ ನೆಬೋಷ್ ಸರ್ಟಿಫಿಕೇಟ್ ಕೇಳ್ತವೆ. ಅದರ ಪರೀಕ್ಷೆಗೆ ಇಂಗ್ಲಿಷ್ ಓದಿ ಬರೆಯುವಷ್ಟು ಬರಬೇಕು, ಖರ್ಚೂ ಹೆಚ್ಚು. ಅನುಭವ ಇಲ್ಲದೆ ಬರೀ ಆ ಸರ್ಟಿಫಿಕೇಟ್ ಹಿಡಿದು ಏಜೆಂಟರ ಹಿಂದೆ ಹೋಗಬಾರದು.

ಊರಲ್ಲೇ ಇರಬೇಕು ಅನ್ನುವವರಿಗೆ ಅಗ್ನಿನಂದಕ, ಅಂದರೆ ಜನ ‘ಫೈರ್ ಸಿಲಿಂಡರ್’ ಅನ್ನುವ ಬಾಟ್ಲಿಗಳ ಮಾರಾಟ, ರೀಫಿಲ್, ತಪಾಸಣೆ ಕೆಲಸ ಇದೆ. ಅವುಗಳ ಆಯ್ಕೆ, ಅಳವಡಿಕೆ, ನಿರ್ವಹಣೆಗೆ ಐಎಸ್ 2190 ಎಂಬ ಭಾರತೀಯ ಮಾನಕ ಇದೆ. ಅದನ್ನು ಓದಿ, ಅನುಭವಿ ಡೀಲರ್ ಹತ್ತಿರ ಒಂದೆರಡು ವರ್ಷ ಕೆಲಸ ಕಲಿತವರು ಮಾರಾಟದ ಜತೆಗೇ ತರಬೇತಿಯನ್ನೂ ಕೊಡಬಹುದು. ಇಲಾಖೆಯಿಂದ ನಿವೃತ್ತರಾದವರಿಗೂ ಇದು ಒಪ್ಪುವ ಕೆಲಸ.

ಫೀ ಕಟ್ಟುವ ಮೊದಲು ಕೇಳಬೇಕಾದ್ದು

* ಸರ್ಟಿಫಿಕೇಟ್ ಕೊಡುವವರು ಯಾರು? ಎನ್‌ಸಿವಿಇಟಿ, ತಾಂತ್ರಿಕ ಶಿಕ್ಷಣ ಮಂಡಳಿ ಅಥವಾ ಯುಜಿಸಿ ಮಾನ್ಯತೆಯ ವಿಶ್ವವಿದ್ಯಾಲಯ ಇದೆಯೇ? ‘ಐಎಸ್ಒ ಸರ್ಟಿಫೈಡ್’ ಎಂದರೆ ಕೋರ್ಸಿಗೆ ಸರ್ಕಾರದ ಮಾನ್ಯತೆ ಇದೆ ಎಂದಲ್ಲ.
* ಸರ್ಕಾರಿ ನೇಮಕಾತಿಯ ಯಾವ ಅಧಿಸೂಚನೆಯಲ್ಲಿ ಈ ಕೋರ್ಸನ್ನು ಅರ್ಹತೆ ಎಂದು ಬರೆದಿದೆ? ಅಧಿಸೂಚನೆಯ ಪ್ರತಿಯನ್ನೇ ಕೇಳಬೇಕು.
* ಪ್ರಾಯೋಗಿಕ ಮೈದಾನ, ಪಂಪ್, ಹೋಸ್, ಉಸಿರಾಟದ ಉಪಕರಣ ಇದೆಯೇ? ಹೋಗಿ ಕಣ್ಣಾರೆ ನೋಡಬೇಕು.
* ಕಲಿಸುವವರು ಎಲ್ಲಿ, ಎಷ್ಟು ವರ್ಷ ಸೇವೆ ಮಾಡಿದವರು?
* ‘ಕೆಲಸ ಗ್ಯಾರಂಟಿ’ ಎಂಬುದನ್ನು ಬರಹದಲ್ಲಿ ಕೊಡ್ತಾರಾ? ಕೆಲಸ ಸಿಗದಿದ್ದರೆ ಫೀ ವಾಪಸ್ ಕೊಡುವ ಷರತ್ತು ಇದೆಯೇ?

ಉತ್ತರ ಸರಿಯಾಗಿ ಬರದಿದ್ದರೆ ಮುಂಗಡ ಕಟ್ಟಬಾರದು.

ಅಂಗಡಿಕಾರರು ತರಬೇತುದಾರನನ್ನು ಅಳೆಯೋದು ಹೇಗೆ?

ಫೈರ್ ಸಿಲಿಂಡರ್ ಮಾರಲು ಬಂದವರು ‘ತರಬೇತಿ ಫ್ರೀ’ ಎಂದು ಗೋಡೆಗೆ ಬಾಟ್ಲಿ ತಗುಲಿಹಾಕಿ, ಬಿಲ್ ಕೊಟ್ಟು ಹೊರಟರೆ ಅದು ತರಬೇತಿ ಅಲ್ಲ. ಬಂದವರಿಗೆ ಕೆಲಸ ಗೊತ್ತೋ ಇಲ್ಲವೋ ತಿಳಿಯಲು ಮೂರು ಪ್ರಶ್ನೆ ಸಾಕು.

ಒಂದು, ಕಾರ್ಬನ್ ಡೈಆಕ್ಸೈಡ್ ಬಾಟ್ಲಿ ತುಂಬಿದೆಯೋ ಇಲ್ಲವೋ ನೋಡೋದು ಹೇಗೆ? ಪುಡಿಯ ಬಾಟ್ಲಿಗೆ ಹಸಿರು ಗುರುತಿನ ಮೀಟರ್ ಇರುತ್ತೆ. ಇದಕ್ಕೆ ಮೀಟರ್ ಇರಲ್ಲ, ತೂಕ ಹಾಕಿಯೇ ನೋಡಬೇಕು. ಸಿಂಪಡಿಸುವಾಗ ಇದರ ಕೊಂಬು ಕೊರೆಯುವಷ್ಟು ತಣ್ಣಗಾಗುವುದರಿಂದ ಹಿಡಿಕೆ ಹಿಡಿಯಬೇಕು ಎಂಬುದನ್ನೂ ಅವರೇ ಹೇಳಬೇಕು.

ಎರಡು, ಮಿರ್ಚಿ ಭಜಿ ಬಾಣಲೆಗೆ ಬೆಂಕಿ ಹತ್ತಿದರೆ ಏನು ಮಾಡಬೇಕು? ನೀರು ಹಾಕಲೇಬಾರದು. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗಿ ಉರಿಯುವ ಎಣ್ಣೆಯನ್ನು ಸುತ್ತ ಎರಚುತ್ತದೆ. ಕೈಗೆಟಕುವಂತಿದ್ದರೆ ಗ್ಯಾಸ್ ಬಂದ್ ಮಾಡಿ, ಮುಚ್ಚಳ ಮುಚ್ಚಿ, ಆರುವ ತನಕ ತೆಗೆಯಬಾರದು.

ಮೂರು, ಗ್ಯಾಸ್ ಸೋರಿದ ವಾಸನೆ ಬಂದರೆ? ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡುತ್ತೆ. ಲೈಟ್ ಹಾಕಬಾರದು, ಹಾಕಿದ್ದನ್ನು ಆರಿಸಲೂಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು ಫೋನ್ ಮಾಡಬೇಕು.

ಕೊನೆಗೆ ಅಂಗಡಿಯ ಪ್ರತಿ ಕೆಲಸಗಾರನ ಕೈಗೂ ಬಾಟ್ಲಿ ಕೊಟ್ಟು ಒಮ್ಮೆಯಾದರೂ ಪಿನ್ ಎಳೆಸಿ, ಉರಿಯ ಬುಡಕ್ಕೆ ಹಿಡಿಸಿ, ಸಿಂಪಡಿಸಲು ಬಿಟ್ಟರೆ ಅದು ತರಬೇತಿ. ಸಣ್ಣ ಬಾಟ್ಲಿ ಅರ್ಧ ನಿಮಿಷದೊಳಗೇ ಖಾಲಿಯಾಗುತ್ತದೆ. ಮೊದಲ ಸಲವೇ ಬೆಂಕಿ ಎದುರು ಪಿನ್ ಹುಡುಕುತ್ತ ನಿಂತರೆ ಆ ಸಮಯ ಅಲ್ಲೇ ಮುಗಿಯುತ್ತೆ.

ಈಗಲೇ ಏನು ಮಾಡಬಹುದು?

ಎಸ್ಸೆಸ್ಸೆಲ್ಸಿ ಮುಗಿಸಿದವರು ಓಟ, ಹಗ್ಗ ಹತ್ತುವ ಅಭ್ಯಾಸ ಶುರುಮಾಡಿ ರಾಜ್ಯ ಇಲಾಖೆಯ ಅಧಿಸೂಚನೆ ಗಮನಿಸುತ್ತಿರಬೇಕು. ಪಿಯುಸಿಗೆ ಸೇರುವವರು ವಿಜ್ಞಾನ ತೆಗೆದುಕೊಂಡರೆ ಸಿಐಎಸ್ಎಫ್, ನಾಗ್ಪುರ ಎರಡೂ ದಾರಿ ತೆರೆದಿರ್ತವೆ. ಕೆಲಸ ಹುಡುಕುತ್ತಿರುವವರು ಗೃಹರಕ್ಷಕ ದಳ ಸೇರಿದರೆ ಶಿಸ್ತು, ವಿಪತ್ತು ನಿರ್ವಹಣೆಯ ಪ್ರಾಥಮಿಕ ತರಬೇತಿ ಸಿಗುತ್ತದೆ. ಅದು ಕಾಯಂ ನೌಕರಿ ಅಲ್ಲ, ಸ್ವಯಂಸೇವೆ ಎಂಬುದು ತಿಳಿದಿರಬೇಕು.

ಸಂಶಯ ಇದ್ದರೆ ಏಜೆಂಟರನ್ನು ಕೇಳುವುದಕ್ಕಿಂತ ತಾಲೂಕಿನ ಅಗ್ನಿಶಾಮಕ ಠಾಣೆಗೇ ಹೋಗಿ ಠಾಣಾಧಿಕಾರಿಯನ್ನು ಕೇಳುವುದು ಒಳ್ಳೆಯದು. ಶಾಲೆ, ಮಾರುಕಟ್ಟೆ, ವರ್ತಕರ ಸಂಘಗಳು ಅಣಕು ಪ್ರದರ್ಶನಕ್ಕೆ ಅಲ್ಲೇ ಲಿಖಿತ ಮನವಿ ಕೊಡಬಹುದು. ಬೆಂಕಿ ಬಿದ್ದಾಗ ಕರೆ ಮಾಡಬೇಕಾದ ಸಂಖ್ಯೆ 101 ಅಥವಾ 112. ಊರು, ಓಣಿ, ಹತ್ತಿರದ ಗುರುತು, ಏನು ಉರಿಯುತ್ತಿದೆ ಎಂಬುದನ್ನು ಹೇಳಿ, ಅವರು ಇಡುವ ತನಕ ಫೋನ್ ಇಡಬಾರದು.