ಹರಿಗೋಲಿನಿಂದ ಫೈಬರ್ ದೋಣಿಗೆ

ನಮ್ಮ ಹನುಮಂತನಗರದ ಮಗ್ಗುಲಲ್ಲೇ ಕೆಂಪಾಂಬುಧಿ ಕೆರೆ. ಕೆರೆ ಇದ್ದ ಮೇಲೆ ದೋಣಿಯ ಮಾತು ಬಾರದೆ ಇದ್ದೀತೆ?

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚರ್ಮ ಹೊದಿಸಿದ ಬುಟ್ಟಿಯಂಥ ಹರಿಗೋಲಿನಲ್ಲಿ 15-20 ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಬರಬರುತ್ತ ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂದವು.

1940ರ ದಶಕದಲ್ಲಿ ಅಮೆರಿಕದಲ್ಲಿ ಫೈಬರ್‌ಗ್ಲಾಸ್ ದೋಣಿ ಹುಟ್ಟಿತು. ಮುಂದೆ ನಮ್ಮ ಕರಾವಳಿಗೂ ಬಂತು. "ಫೈಬರ್ ಕೊಳೆಯೋಲ್ಲ ಬಿಡ್ರೀ" ಅನ್ನುವವರುಂಟು. ನಿಜ, ಗಾಜಿನ ನಾರು ಕೊಳೆಯದು. ಆದರೆ ಬಲಕ್ಕೆಂದು ಒಳಗಿಟ್ಟ ಪ್ಲೈವುಡ್ಡು, ಮರದ ಪಟ್ಟಿಗಳಿಗೆ ಸ್ಕ್ರೂ ತೂತಿನಿಂದ ನೀರು ಇಳಿದರೆ ಸದ್ದಿಲ್ಲದೆ ಕೊಳೆಯುತ್ತವೆ. ಮೇಲೆ ಬಣ್ಣ ಬಳಿದರೆ ಆಗಲಿಲ್ಲ. ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದ ಕಡೆ ಕೊಯ್ದು, ಕೊಳೆತದ್ದನ್ನೆಲ್ಲ ತೆಗೆದು, ಚೆನ್ನಾಗಿ ಒಣಗಿಸಿ, ಹೊಸ ಮರ ಕೂರಿಸಿ, ರಾಳದಲ್ಲಿ ನೆನೆಸಿದ ಗಾಜಿನ ಬಟ್ಟೆಯನ್ನು ಪದರ ಪದರವಾಗಿ ಹಾಕಬೇಕು. ಉಜ್ಜುವಾಗ ಮೂಗು ಮುಚ್ಚಿಕೊಳ್ಳಲೇಬೇಕು. ಆ ಧೂಳು ಎದೆಗೆ ಕೆಟ್ಟದ್ದು. ಅರೆಬರೆ ರಿಪೇರಿಯಾದರೆ ನಡುನೀರಿನಲ್ಲಿ ಜೀವಕ್ಕೇ ಸಂಚಕಾರ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರದ ದೋಣಿಯಲ್ಲೇ ನಾವೂ ಕೂತಿದ್ದೇವೆ. ಬೆಳ್ಳಿಹಬ್ಬದ ಬಣ್ಣ ಬಳಿಯೋಣ. ಜೊತೆಗೆ ಒಳಗಿನ ಮರವನ್ನೂ ಒಮ್ಮೆ ತಟ್ಟಿ ನೋಡೋಣ.