ಅಪ್ರಾಪ್ತನ ಬಳಿ ಮದ್ಯ, ಕುಡಿದು ವಾಹನ ಚಾಲನೆ: ಕಾನೂನಿನ ದೃಷ್ಟಿಯಲ್ಲಿ ಎರಡೂ ಒಂದೇ ಅಲ್ಲ

ಮೋಟೆಬೆನ್ನೂರು: ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಹಾವೇರಿ ಮತ್ತು ರಾಣೆಬೆನ್ನೂರುಗಳ ನಡುವೆ, ಬ್ಯಾಡಗಿಯ ಕಡೆಗೆ ದಾರಿ ಕವಲೊಡೆಯುವ ಊರು ಮೋಟೆಬೆನ್ನೂರು. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾರುಕಟ್ಟೆಗೆ ಹೊರಟ ಲಾರಿಗಳು, ಹೊಲದಿಂದ ಮರಳುವ ಟ್ರ್ಯಾಕ್ಟರುಗಳು, ಕಾಲೇಜು ಹುಡುಗರ ಬೈಕುಗಳು ಇಲ್ಲಿ ಒಂದೇ ರಸ್ತೆಗೆ ಬರುತ್ತವೆ. 2024ರ ಜೂನ್ 28ರಂದು ಇದೇ ಹೆದ್ದಾರಿಯಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ನಿಂತಿದ್ದ ಲಾರಿಗೆ ಯಾತ್ರಿಕರ ವಾಹನ ಅಪ್ಪಳಿಸಿ 13 ಜನ ಅಸುನೀಗಿದರು. ಆ ದುರಂತಕ್ಕೆ ಮದ್ಯದ ನಂಟು ಕಲ್ಪಿಸುವ ಉದ್ದೇಶ ಇಲ್ಲಿಲ್ಲ. ಇಂಥ ರಸ್ತೆಯಲ್ಲಿ ಎಚ್ಚರ ತಪ್ಪಿದರೆ ಆಗುವ ಅನಾಹುತಕ್ಕೆ ಅದು ಸಾಕ್ಷಿ, ಅಷ್ಟೇ.

‘ಹುಡುಗನ ಕೈಯಲ್ಲಿ ಬಾಟಲಿ ಸಿಕ್ಕರೆ ಜೈಲು; ವಾಹನ ಓಡಿಸಿ ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು’ ಎಂಬ ತಿಳಿವಳಿಕೆ ಅನೇಕ ಪಾಲಕರಲ್ಲಿದೆ. ಕಾನೂನು ಇರುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿ.

ಹದಿನೆಂಟೋ, ಇಪ್ಪತ್ತೊಂದೋ?

ಕರ್ನಾಟಕ ಅಬಕಾರಿ ಕಾಯ್ದೆ, 1965ರ 36ನೇ ಕಲಂ 18 ವರ್ಷದೊಳಗಿನವರಿಗೆ ಮದ್ಯ ಮಾರುವ ಪರವಾನಗಿದಾರನನ್ನು ಶಿಕ್ಷಾರ್ಹನೆನ್ನುತ್ತದೆ. ಆದರೆ 1967ರ ಅಬಕಾರಿ ಪರವಾನಗಿಗಳ ಸಾಮಾನ್ಯ ಷರತ್ತುಗಳ ನಿಯಮದಲ್ಲಿ ಈ ಮಿತಿ 21 ವರ್ಷ. ನಿಯಮವನ್ನೂ 18ಕ್ಕೆ ಇಳಿಸುವ ಕರಡನ್ನು ರಾಜ್ಯ ಸರ್ಕಾರ ಪ್ರಕಟಿಸಿತ್ತಾದರೂ, ವ್ಯಾಪಕ ವಿರೋಧದಿಂದಾಗಿ 2023ರ ಜನವರಿಯಲ್ಲಿ ಹಿಂದೆಗೆದುಕೊಂಡಿತು. ಆದ್ದರಿಂದ ಅಂಗಡಿಯವನು ಪಾಲಿಸಬೇಕಾದ ಮಿತಿ 21.

ಗಮನಿಸಬೇಕಾದ ಸಂಗತಿಯೆಂದರೆ, ಈ ಎರಡೂ ನಿರ್ಬಂಧಗಳು ಮಾರುವವನನ್ನು ಕಟ್ಟಿಹಾಕುತ್ತವೆ. ಅಮೆರಿಕದ ರಾಜ್ಯಗಳಲ್ಲಿ 21 ವರ್ಷದೊಳಗಿನವರು ಮದ್ಯ ಇಟ್ಟುಕೊಂಡಿರುವುದೇ ಸಾಮಾನ್ಯವಾಗಿ ಅಪರಾಧ. ನಮ್ಮಲ್ಲಿ ಹೊಣೆ ಪ್ರಧಾನವಾಗಿ ಕೊಟ್ಟವನದು. ಬಾಲನ್ಯಾಯ ಕಾಯ್ದೆ, 2015ರ 77ನೇ ಕಲಂ ಪ್ರಕಾರ, ವೈದ್ಯರ ಸಲಹೆಯಿಲ್ಲದೆ 18 ವರ್ಷದೊಳಗಿನ ಮಗುವಿಗೆ ಮದ್ಯ ಕೊಟ್ಟವರಿಗೆ 7 ವರ್ಷಗಳವರೆಗೆ ಕಠಿಣ ಸಜೆ ಹಾಗೂ 1 ಲಕ್ಷ ರೂ.ವರೆಗೆ ದಂಡ. ಮಗುವಿನಿಂದ ಮದ್ಯ ಸಾಗಿಸಿದರೆ ಅಥವಾ ಮಾರಿಸಿದರೆ 78ನೇ ಕಲಂನಡಿ ಅಷ್ಟೇ ಶಿಕ್ಷೆ. ಮದುವೆ, ಜಾತ್ರೆಗಳಲ್ಲಿ ‘ಒಂದು ಗುಟುಕು’ ಎಂದು ಕೈಗಿಡುವ ಹಿರಿಯರೂ ಇದಕ್ಕೆ ಹೊರತಲ್ಲ.

ಹಾಗೆಂದು ಬಾಲಕನಿಗೆ ಪೂರ್ಣ ರಿಯಾಯಿತಿಯೇನೂ ಇಲ್ಲ. ಕಳ್ಳಬಟ್ಟಿ ಸಾರಾಯಿ ಅಥವಾ ಮಿತಿಮೀರಿದ ಸಂಗ್ರಹ ಯಾರ ಬಳಿ ಇದ್ದರೂ ಅಪರಾಧವೇ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಅಸಭ್ಯವಾಗಿ ವರ್ತಿಸಿದರೆ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ಅನ್ವಯ 24 ಗಂಟೆಯವರೆಗೆ ಸಾದಾ ಸಜೆ, ಇಲ್ಲವೆ 1,000 ರೂ.ವರೆಗೆ ದಂಡ, ಇಲ್ಲವೆ ಎರಡೂ, ಅಥವಾ ಸಮುದಾಯ ಸೇವೆಯನ್ನು ವಿಧಿಸಬಹುದು. ಆದರೆ ಆರೋಪಿ 18 ವರ್ಷದೊಳಗಿನವನಾದರೆ ಅವನನ್ನು ಲಾಕಪ್ಪಿಗಾಗಲೀ ಜೈಲಿಗಾಗಲೀ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಎಚ್ಚರಿಕೆ, ಆಪ್ತಸಮಾಲೋಚನೆ, ಸಮುದಾಯ ಸೇವೆ, ಪಾಲಕರಿಗೆ ದಂಡ ಮುಂತಾದ ಆದೇಶಗಳನ್ನು ಮಂಡಳಿ ನೀಡಬಹುದು. ಬಾಲಕನ ಹೆಸರು, ಶಾಲೆ, ಭಾವಚಿತ್ರಗಳನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ.

ಚಾಲಕನಿಗೆ ಕನಿಕರವಿಲ್ಲ

ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಂ ಕೇಳುವುದು ವಯಸ್ಸನ್ನಲ್ಲ, ರಕ್ತದಲ್ಲಿನ ಮದ್ಯಸಾರದ ಪ್ರಮಾಣವನ್ನು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದರೆ ಅಪರಾಧ. ಬೈಕು, ಟ್ರ್ಯಾಕ್ಟರುಗಳಿಗೂ ಇದು ಅನ್ವಯ. ವಾಹನ ಓಡಿಸಿರಲೇಬೇಕೆಂದಿಲ್ಲ, ಓಡಿಸಲು ಯತ್ನಿಸಿದರೂ ಸಾಕು. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಶಿಕ್ಷೆ ಹೀಗಿದೆ:

* ಮೊದಲ ಸಲ: 6 ತಿಂಗಳವರೆಗೆ ಸಜೆ, ಅಥವಾ 10,000 ರೂ. ದಂಡ, ಅಥವಾ ಎರಡೂ.
* ಮತ್ತೆ ಸಿಕ್ಕಿಬಿದ್ದರೆ: 2 ವರ್ಷಗಳವರೆಗೆ ಸಜೆ, ಅಥವಾ 15,000 ರೂ. ದಂಡ, ಅಥವಾ ಎರಡೂ.
* ಅಪರಾಧ ಸಾಬೀತಾದರೆ ಕನಿಷ್ಠ 6 ತಿಂಗಳು ಚಾಲನಾ ಅನರ್ಹತೆ.

ಕುಡಿದವನಿಗೆ ಗೊತ್ತಿದ್ದೂ ಗಾಡಿ ಓಡಿಸಲು ಕುಮ್ಮಕ್ಕು ಕೊಟ್ಟವನಿಗೆ 188ನೇ ಕಲಂ ಇದೇ ಶಿಕ್ಷೆಯನ್ನು ಗೊತ್ತುಪಡಿಸಿದೆ.

ಪ್ರಾಣಹಾನಿಯಾದರೆ ಪ್ರಕರಣದ ಸ್ವರೂಪವೇ ಬದಲಾಗುತ್ತದೆ. ನಿರ್ಲಕ್ಷ್ಯದಿಂದಾದ ಸಾವಿಗೆ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ 5 ವರ್ಷಗಳವರೆಗೆ ಸಜೆಯಿದೆ. ಅಪಾಯದ ಅರಿವಿದ್ದೂ ಓಡಿಸಿದನೆಂದು ಸಾಬೀತಾದರೆ ಕೊಲೆಯಲ್ಲದ ಮಾನವ ಹತ್ಯೆಯ ಆರೋಪ ಬಂದು ಸಜೆ 10 ವರ್ಷಗಳವರೆಗೆ ಹೋಗಬಹುದು. 2006ರಲ್ಲಿ ಮುಂಬೈಯಲ್ಲಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ 7 ಕಾರ್ಮಿಕರ ಸಾವಿಗೆ ಕಾರಣನಾದ ಚಾಲಕನಿಗೆ ವಿಧಿಸಿದ್ದ 3 ವರ್ಷಗಳ ಸಜೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿದದ್ದು ಈ ತತ್ತ್ವದ ಮೇಲೆಯೇ.

ಬಾಲಕನೇ ಕುಡಿದು ಓಡಿಸಿದರೆ?

ಇಲ್ಲಿ ಎರಡೂ ದಾರಿಗಳು ಕೂಡುತ್ತವೆ. ಅತಿ ಹೆಚ್ಚಿನ ಭಾರ ಬೀಳುವುದು ಮನೆಯವರ ಮೇಲೆ. 199ಎ ಕಲಂ ಅನ್ವಯ ಪಾಲಕ ಅಥವಾ ವಾಹನದ ಮಾಲೀಕನೇ ತಪ್ಪಿತಸ್ಥನೆಂದು ಭಾವಿಸಲಾಗುತ್ತದೆ. ಶಿಕ್ಷೆ 3 ವರ್ಷಗಳವರೆಗೆ ಸಜೆ ಮತ್ತು 25,000 ರೂ. ದಂಡ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯದು. ತನಗೆ ತಿಳಿಯದೆ ನಡೆಯಿತು, ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ರುಜುವಾತುಪಡಿಸುವ ಹೊಣೆಯೂ ಪಾಲಕನದೇ. ಬಾಲಕನಿಗೆ ಕಾಯ್ದೆಯ ದಂಡ ಅನ್ವಯಿಸುತ್ತದೆ. ಸಜೆಯನ್ನು ಮಾತ್ರ ಬಾಲನ್ಯಾಯ ಕಾಯ್ದೆಗೆ ಅನುಗುಣವಾಗಿ ಮಾರ್ಪಡಿಸಬಹುದು.

19 ಅಥವಾ 20 ವರ್ಷದ ತರುಣನಿಗೆ ಈ ರಕ್ಷಣೆ ಯಾವುದೂ ಇಲ್ಲ. ಅಂಗಡಿಯವನು ಅವನಿಗೆ ಮದ್ಯ ಮಾರುವಂತಿಲ್ಲ; ಆದರೆ ಕುಡಿದು ಓಡಿಸಿ ಸಿಕ್ಕಿಬಿದ್ದರೆ ಅವನು ಪ್ರಾಪ್ತ ವಯಸ್ಕನಾಗಿಯೇ ನ್ಯಾಯಾಲಯದಲ್ಲಿ ನಿಲ್ಲಬೇಕು.

ತಿಳಿದಿರಲಿ

ವಯಸ್ಸಿನ ಬಗ್ಗೆ ಸಂದೇಹ ಬಂದಾಗ ಮೊದಲು ಪರಿಗಣಿಸುವುದು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ; ಅದಿಲ್ಲದಿದ್ದರೆ ಪಂಚಾಯತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಕುಡಿದು ಓಡಿಸಿದ ಆರೋಪದಲ್ಲಿ ಬಂಧಿತನಾದವನ ವೈದ್ಯಕೀಯ ಪರೀಕ್ಷೆ 2 ಗಂಟೆಯೊಳಗೆ ನಡೆಯಬೇಕು, ಇಲ್ಲವಾದರೆ ಬಿಡುಗಡೆ ಮಾಡಬೇಕು. ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಹಾವೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಮಕ್ಕಳಿಗೆ ಮದ್ಯ ಕೊಡುವುದು ಕಂಡುಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು.