ಅಪ್ಪನ ಪೆಟ್ಟಿಗೆ, ನನ್ನ ಕ್ಯಾಸಿಯೋ

ಈ ಸಲ ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಹೊಡಿಸಬೇಕು ಅಂತ ಅಟ್ಟದ ಮೇಲಿದ್ದ ಸಾಮಾನೆಲ್ಲ ಕೆಳಕ್ಕಿಳಿಸಿದೊ. ಹಳೇ ಚಂದ್ರಿಕೆ, ತೂತು ಬಿದ್ದ ಕೊಳಗ, ಅವ್ವನ ಟ್ರಂಕು. ಟ್ರಂಕಿನ ತಳದಲ್ಲಿ ಹಳೇ ಸೀರೆಯೊಳಗೆ ಸುತ್ತಿಟ್ಟಿದ್ದ ನನ್ನ ಕ್ಯಾಸಿಯೋ ಸಿಕ್ತು. ಒಂದು ಮೊಳಕ್ಕಿಂತ ಚಿಕ್ಕದು, ಇಪ್ಪತ್ತೊಂಬತ್ತು ಮನೆ, ಎಲ್ಲ ಮಕ್ಕಳ ಬೆರಳಿನ ಅಳತೆಯವು. ಹಿಂದಿನ ಮುಚ್ಚಳ ತೆಗೆದು ನೋಡಿದ್ರೆ ಸೆಲ್ಲು ಒಡೆದು ರಸ ಸುರಿದು, ತಗಡಿನ ಮೇಲೆಲ್ಲ ಹಸುರು ಬಿಳುಪು ಕಿಲುಬು. ಅವ್ವ ನೋಡಿ, ‘ಅಯ್ಯೊ, ಇದಿನ್ನೂ ಅದ? ನಿಮ್ಮಪ್ಪನ ಪೆಟ್ಗ ಹೋಯ್ತು, ಇದು ಉಳ್ಕತು ನೋಡು’ ಅಂದ್ಲು. ಆ ಮಾತು ನನ್ನನ್ನ ಎರಡು ದಿನ ಸುಮ್ಮನೆ ಬುಡಲಿಲ್ಲ. ಅದಕ್ಕೇ ಇದನ್ನ ಬರಿಯಾಕೆ ಕೂತೆ.

ನಮ್ಮಪ್ಪ ನಾಟಕದ ಮೇಷ್ಟ್ರು. ಹನೂರು, ಕಾಮಗೆರೆ, ಲೊಕ್ಕನಹಳ್ಳಿ ಸುತ್ತಮುತ್ತ ಯಾವ ಊರಲ್ಲಿ ಕುರುಕ್ಷೇತ್ರ ಆಡಿದ್ರೂ ವೇದಿಕೆ ಪಕ್ಕ ಕುರ್ಚಿ ಹಾಕ್ಕಂಡು, ಕಾಲಲ್ಲಿ ತಿದಿ ತುಳೀತಾ, ಕಾಲು ಹಾರ್ಮೋನಿಯಂ ನುಡಿಸೋರು. ನಮ್ಮ ಕಡೆ ಅದಕ್ಕೆ ‘ಪೆಟ್ಟಿಗೆ’ ಅಂತಲೇ ಹೆಸರು. ‘ಪೆಟ್ಗ ಮೇಷ್ಟ್ರು ಬಂದವ್ರೆ’ ಅಂದ್ರೆ ಊರೋರೆಲ್ಲ ಎದ್ದು ನಿಲ್ಲೋರು.

ಈ ಪೆಟ್ಟಿಗೆ ನಮ್ಮದು ಅಂತಲೇ ನಾನು ತುಂಬ ದಿನ ತಿಳ್ಕಂಡಿದ್ದೆ. ಅದರ ಊರು ಪ್ಯಾರಿಸ್ಸು. 1842ರಲ್ಲಿ ಅಲೆಕ್ಸಾಂಡ್ರ್ ದೆಬೆ ಅನ್ನೋ ಫ್ರೆಂಚಿನವನು ಹಾರ್ಮೋನಿಯಂಗೆ ಪೇಟೆಂಟ್ ತಗಂಡ. ಅದು ಕಾಲಲ್ಲಿ ತುಳಿಯೋ ಪೆಟ್ಟಿಗೆ, ಪಾದ್ರಿಗಳ ಜೊತೆ, ಬಿಳೀ ದೊರೆಗಳ ಜೊತೆ ಹಡಗೇರಿ ಬಂತು. ನೆಲದ ಮೇಲೆ ಕೂತು ಹಾಡೋ ನಮ್ಮ ಜನಕ್ಕೆ ಕುರ್ಚಿ ಸರಿಹೋಗಲ್ಲ ಅಂತ ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಹೊತ್ತಿಗೆ ಕಾಲು ತೆಗೆದು, ಕೈಲಿ ಒತ್ತೋ ತಿದಿಯನ್ನ ಹಿಂದಕ್ಕೆ ಕೂರಿಸಿದ್ರು. ಭಜನೆಗೆ ಬಂದಿದ್ದು ಈ ಕೈಪೆಟ್ಟಿಗೆ. ನಾಟಕದೋರು ಮಾತ್ರ ಕಾಲಿನದನ್ನೇ ಹಿಡ್ಕಂಡ್ರು. ಎರಡು ಕೈಯೂ ಬಿಡುವಾಗ್ತದೆ, ಮೈಕಿಲ್ಲದ ಕಾಲದಲ್ಲಿ ದನಿಯೂ ಜೋರು. ಮರಾಠಿ, ಪಾರ್ಸಿ ಕಂಪನಿಗಳಿಂದ ಗುಬ್ಬಿ ಕಂಪನಿಯಂತ ನಮ್ಮ ಕಂಪನಿಗಳಿಗೆ, ಕಂಪನಿಗಳಿಂದ ಹಳ್ಳಿ ಮೇಷ್ಟ್ರುಗಳಿಗೆ ಅದು ಇಳೀತು. ನಮ್ಮ ಕೊಳ್ಳೇಗಾಲ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರು ಮಹಾರಾಜರ ಸೀಮೆ. ಹಂಗಾಗಿ ನಮ್ಮಪ್ಪನ ಬಾಯಲ್ಲಿ ಎರಡು ಕಡೆಯ ಮಟ್ಟುಗಳೂ ಇದ್ದೊ, ತಮಿಳು ನಾಟಕದವೂ, ಮೈಸೂರಿನವೂ.

ಆ ಪೆಟ್ಟಿಗೆಯನ್ನ ಮನೇಲಿ ಯಾರೂ ಮುಟ್ಟೋ ಹಂಗಿರಲಿಲ್ಲ. ನಾನಂತೂ ಮುಟ್ಟಲೇಬಾರ್ದು. ‘ಹೆಣ್ಕೂಸು ಪೆಟ್ಗ ಮುಟ್ಟುದ್ರ ನಾಳ ಜನ ಏನಂದಾರು?’ ಅನ್ನೋರು ಅಪ್ಪ. ನಾಟಕದಲ್ಲಿ ಪಾತ್ರ ಮಾಡಕ್ಕೆ ಬರ್ತಿದ್ದ ಹೆಂಗಸರನ್ನ ಊರು ಹೆಂಗೆ ನೋಡ್ತಿತ್ತು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಟ್ಟ ಮನಸಿನಿಂದ ಅಂದಿದ್ದಲ್ಲ, ಹೆದರಿ ಅಂದಿದ್ದು.

1988ರಲ್ಲಿ, ನಂಗೆ ಹತ್ತು ವರ್ಷ. ಬೆಂಗಳೂರಲ್ಲಿ ಕೆಲಸದಲ್ಲಿದ್ದ ನಮ್ಮ ಸೋದರಮಾವ ಹಬ್ಬಕ್ಕೆ ಬಂದಾಗ ನನ್ನ ತಮ್ಮನಿಗೆ ಅಂತ ಈ ಕ್ಯಾಸಿಯೋ ಪಿಟಿ-1 ತಂದ್ರು. ಯಾರೋ ಗಲ್ಫಿನಿಂದ ಬಂದೋರ ಹತ್ರ ಸೆಕೆಂಡ್ ಹ್ಯಾಂಡು ತಗಂಡಿದ್ದು. ಆಗ ವಿದೇಶಿ ಸಾಮಾನಿನ ಮೇಲೆ ಸುಂಕ ವಿಪರೀತ. ಇಂಥವು ಬರ್ತಿದ್ದದ್ದೇ ಊರಿಗೆ ಬರೋರ ಪೆಟ್ಟಿಗೆಯೊಳಗೆ ಬಟ್ಟೆ ನಡುವೆ. ತಮ್ಮ ಒಂದು ವಾರ ಕುಟ್ಟಿದ, ಬೇಜಾರಾಯ್ತು, ಗೋಲಿ ಆಡಾಕೆ ಹೋದ. ಅದು ನನ್ನ ಕೈಗೆ ಬಂತು. ಯಾರೂ ಬೇಡ ಅನ್ನಲಿಲ್ಲ, ಯಾಕಂದ್ರೆ ಅದು ‘ಆಟದ ಸಾಮಾನು’.

ಈ ಆಟದ ಸಾಮಾನಿನ ಹುಟ್ಟು ಕೂಡ ತಮಾಷೆಯದ್ದೇ. ಕ್ಯಾಸಿಯೋದೋರು ಲೆಕ್ಕದ ಯಂತ್ರ ಮಾಡೋರು. ಜಪಾನಿನಲ್ಲಿ 1946ರಲ್ಲಿ ಕಾಶಿಯೊ ತದಾವೊ ಅನ್ನೋರು ಅಂಗಡಿ ಸುರು ಮಾಡಿದ್ರು, ಅಣ್ಣತಮ್ಮಂದಿರೆಲ್ಲ ಸೇರಿ 1957ರಲ್ಲಿ ಮೇಜಿನಷ್ಟು ದೊಡ್ಡ ಎಲೆಕ್ಟ್ರಿಕ್ ಕ್ಯಾಲ್ಕುಲೇಟರ್ ಹೊರಕ್ಕೆ ತಂದ್ರು. ಆಮೇಲೆ ಕ್ಯಾಲ್ಕುಲೇಟರು ಜೇಬಿಗೆ ಇಳೀತು, ಚಿಪ್ಪು ಅಗ್ಗವಾಯ್ತು. ಲೆಕ್ಕ ಮಾಡೋ ಚಿಪ್ಪಿಗೆ ಹಾಡೋದನ್ನೂ ಕಲಿಸಬಹುದಲ್ಲ ಅಂತ 1980ರಲ್ಲಿ ಕ್ಯಾಸಿಯೋಟೋನ್ 201 ಬಂತು. ಅದೇ ಸುಮಾರಿಗೆ ವಿಎಲ್-1 ಅಂತ ಇನ್ನೊಂದು, ಅದರಲ್ಲಿ ಕ್ಯಾಲ್ಕುಲೇಟರೂ ಇತ್ತು, ಸಂಗೀತವೂ ಇತ್ತು. ಮನೆಗಳೇ ಕ್ಯಾಲ್ಕುಲೇಟರಿನ ಗುಂಡಿಗಳು! ಅದರ ಟಿಕ್‌ಟಿಕ್ ತಾಳ ಇಟ್ಕಂಡೇ 1982ರಲ್ಲಿ ಟ್ರಿಯೋ ಅನ್ನೋ ಜರ್ಮನಿಯ ತಂಡ ಮಾಡಿದ ಹಾಡು ಊರೂರು ಸುತ್ತಿತು. 1981ರ ಎಂಟಿ-40ಗೆ ರಾಕ್ ತಾಳ ಕೂರಿಸಿದ್ದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಕುದಾ ಹಿರೋಕೊ ಅನ್ನೋ ಹುಡುಗಿ. ಆ ಒಂದು ಗುಂಡಿ ಒತ್ತಿ ಜಮೈಕಾದೋರು 1985ರಲ್ಲಿ ‘ಸ್ಲೆಂಗ್ ಟೆಂಗ್’ ಅನ್ನೋ ಹಾಡು ಕಟ್ಟಿದ್ರು, ಅಲ್ಲಿನ ಸಂಗೀತದ ದಾರಿಯೇ ತಿರುಗಿಬುಡ್ತು. ನಮ್ಮ ಬೊಂಬಾಯಿಯ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಕಂಪನಿಯ ಯಂತ್ರಗಳಲ್ಲಿ ಹತ್ತು ರಾಗ ನುಡಿಸಿ ರೆಕಾರ್ಡು ಮಾಡಿದ್ರು. ಆಗ ಕೊಳ್ಳೋರಿಲ್ಲ, ಇಪ್ಪತ್ತು ಮೂವತ್ತು ವರ್ಷ ಆದ್ಮೇಲೆ ಹುಡುಕ್ಕಂಡು ಬಂದ್ರು.

ಹನೂರಿನ ಹತ್ರದ ನಮ್ಮ ಹುಳಮನೆಗೆ ಇದ್ಯಾವ ಸುದ್ದಿಯೂ ಬಂದಿರಲಿಲ್ಲ. ನಮ್ಮನೇಲಿ ರೇಷ್ಮೆ ಹುಳ ಸಾಕೋರು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ರಾತ್ರಿಯೆಲ್ಲ ಸೊಪ್ಪು ಹಾಕಬೇಕು. ಅವು ಮೇಯೋ ಸದ್ದು ಸೋನೆ ಮಳೆ ಬಿದ್ದಂಗೆ ಇರ್ತದೆ. ಅವ್ವ ಸೊಪ್ಪು ಹಾಕೋಳು, ನಾನು ಮೂಲೇಲಿ ಕೂತು ಕ್ಯಾಸಿಯೋ ಒತ್ತೋಳು. ಪಿಟಿ-1ರಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಎರಡು ಮನೆ ಒಟ್ಟಿಗೆ ಒತ್ತಿದ್ರೂ ಒಂದೇ ಕೂಗ್ತದೆ. ಇಂಗ್ಲೀಷು ಸಂಗೀತಕ್ಕೆ ಅದು ಕೊರತೆ, ನಮಗೇನು? ಕೊಳಲೂ ಹಂಗೇ ಅಲ್ವಾ. ಕೊರತೆ ಇದ್ದದ್ದು ಶ್ರುತಿಗೆ. ಹಿಂದೆ ‘ಸಾ’ ಹಿಡ್ಕಂಡು ಮುಂದೆ ಪದ ನುಡಿಸೋ ಹಂಗಿಲ್ಲ. ಅವ್ವನೇ ಮೂಗಲ್ಲಿ ‘ಊಂ’ ಅಂತ ಶ್ರುತಿ ಹಿಡಿಯೋಳು, ಸೊಪ್ಪು ಹಾಕ್ತಾ ಹಾಕ್ತಾ.

ಒಂದು ರಾತ್ರಿ ನಾಟಕದ ಒಂದು ಕಂದಪದ್ಯದ ಮಟ್ಟು ಹುಡುಕ್ತಾ ಇದ್ದೆ. ಕಿಟಕಿ ಹೊರಗಿಂದ ಅಪ್ಪನ ದನಿ. ‘ಆ ನಿಷಾದ ಅಲ್ಲ ಕನ ಕೂಸು, ಅದರ ಪಕ್ಕದ ಕರಿಮನ ಹಿಡಿ.’ ನಾನು ಹೆದರಿ ಬೆರಳು ತೆಗೆದುಬುಟ್ಟೆ. ‘ಬುಡಬ್ಯಾಡ, ನುಡ್ಸು’ ಅಂದ್ರು. ಅದೇ ನನ್ನ ಮೊದಲನೇ ಪಾಠ. ಒಳಕ್ಕೆ ಬರಲಿಲ್ಲ, ಹೊರಗೇ ಬೀಡಿ ಸೇದ್ತಾ ಹೇಳಿಕೊಟ್ರು.

ಒಳಗೆ ಬಂದು ಕೂತದ್ದು ಒಂದು ತಿಂಗಳಾದ ಮೇಲೆ. ಬಂದವ್ರೇ ಕ್ಯಾಸಿಯೋನ ಬಯ್ಯೋಕೆ ಸುರು ಮಾಡಿದ್ರು. ‘ಇದಕ್ಕ ಉಸುರಿಲ್ಲ. ಒತ್ತುದ್ರ ಕೂಗ್ತದ, ಬುಟ್ರ ಸಾಯ್ತದ. ಗಮಕ ಎಲ್ಲದ ಇದ್ರಲ್ಲಿ?’ ಆಮೇಲೆ ತಾಳದ ಗುಂಡಿಗಳನ್ನ ಒಂದೊಂದಾಗಿ ಒತ್ತಿಸಿದ್ರು. ರಾಕ್ ಬಂತು. ‘ಇದು ಆದಿಗ ಆಯ್ತದ.’ ವಾಲ್ಟ್ಜ್ ಬಂತು, ಮೂರು ಎಣಿಕೆ. ‘ಇದು ರೂಪಕಕ್ಕ ಬುಡು.’ ಎಲ್ಲ ಮುಗಿದ ಮೇಲೆ ತೊಡೆ ತಟ್ಟಿ ಎಣಿಸಿ, ‘ಏಳು ಎಲ್ಲದ? ಮಿಶ್ರಛಾಪು ಇಲ್ದೆ ಇದ್ಮ್ಯಾಲ ಇದ್ಯಾವ ಸೀಮ ತಾಳ?’ ಅಂದು ನಕ್ರು. ಅಪ್ಪ ಹೇಳಿದ್ದು ಸರಿ. ಜಪಾನಿನೋರು ಅಮೆರಿಕಕ್ಕೆ ಮಾರೋಕೆ ಮಾಡಿದ ಯಂತ್ರದಲ್ಲಿ ಏಳಕ್ಷರದ ತಾಳ ಯಾಕಿರ್ತದೆ? ಅದನ್ನ ಮಾಡೋಕೆ ನಮ್ಮೋರೇ ಬೇಕಾಯ್ತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ, ಕೊಳಲು ನುಡಿಸ್ತಿದ್ದ ಜಿ. ರಾಜ್ ನಾರಾಯಣ್ ಅವರು ರೇಡೆಲ್ ಕಂಪನಿ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಾಳದ ಪೆಟ್ಟಿಗೆ ಮಾಡಿದ್ರು. ಈಗ ಯಾವ ಸಂಗೀತದ ಮೇಷ್ಟ್ರ ಮನೆಗೆ ಹೋದ್ರೂ ಅಂಥದೊಂದು ಇದ್ದೇ ಇರ್ತದೆ.

ಗಮಕದ ಮಾತಿಗೆ ಬರ್ತೀನಿ. ಅಪ್ಪ ಕ್ಯಾಸಿಯೋಗೆ ಅಂದ ಮಾತನ್ನೇ ದೊಡ್ಡೋರು ಅಪ್ಪನ ಪೆಟ್ಟಿಗೆಗೆ ಅಂದಿದ್ರು ಅಂತ ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಹಾರ್ಮೋನಿಯಂನಲ್ಲಿ ಸ್ವರ ಜಾರಲ್ಲ, ಮನೆಯಿಂದ ಮನೆಗೆ ನೆಗೀತದೆ, ಅದು ನಮ್ಮ ಸಂಗೀತಕ್ಕೆ ಹೇಳಿದ್ದಲ್ಲ ಅಂತ ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚಿನಲ್ಲಿ ಅದನ್ನ ಹೊರಗಿಟ್ಟಿತು. ಮತ್ತೆ ಬಾಗಿಲು ತೆಗೆದದ್ದು 1971ರಲ್ಲಿ. ಅಂದ್ರೆ ಅಪ್ಪ ಹಳ್ಳಿಹಳ್ಳಿ ತಿರುಗಿ ಪೆಟ್ಟಿಗೆ ತುಳಿದ ವಯಸ್ಸಿನ ಬಹುಭಾಗದಲ್ಲಿ ಆ ಪೆಟ್ಟಿಗೆಗೆ ಆ ರೇಡಿಯೋದೊಳಗೆ ಜಾಗ ಇರಲಿಲ್ಲ. ಅಪ್ಪನಿಗೆ ಇದು ಗೊತ್ತಿತ್ತಾ? ಗೊತ್ತಿದ್ರೂ ಬಾಯಿ ಬುಟ್ಟು ಹೇಳಲಿಲ್ಲ. ಈಚೆಗೆ ಮದ್ರಾಸಿನ ಕೆ. ಸತ್ಯನಾರಾಯಣನ್ ಕೀಬೋರ್ಡಿನ ಪಕ್ಕದ ಚಕ್ರ ತಿರುಗಿಸಿ ತಿರುಗಿಸಿ ಕಚೇರಿಯಲ್ಲಿ ಗಮಕ ತೆಗೆಯೋದು ಕೇಳಿದಾಗ, ಅಪ್ಪ ಇದ್ದಿದ್ರೆ ಏನನ್ನೋರು ಅಂತ ಅಂದ್ಕಂಡೆ.

ಬಯ್ಯೋದು ಮುಗಿದ ಮೇಲೆ ಅಪ್ಪ ಒಂದು ಕೆಲಸ ಮಾಡಿದ್ರು. ಅವ್ವನ ಶ್ರುತಿ ಸಾಲದು ಅಂತ ಪೆಟ್ಟಿಗೆಯನ್ನೇ ಹುಳಮನೆ ಬಾಗಿಲಿಗೆ ತಂದು ಸಾ-ಪಾ ಹಿಡಿದ್ರು. ಹಿಡಿದ್ರೆ ಎರಡೂ ಕೂಡಲಿಲ್ಲ. ಅಪ್ಪನ ಪೆಟ್ಟಿಗೆ ಕೂದಲೆಳೆಯಷ್ಟು ಕೆಳಗೆ. ಕ್ಯಾಸಿಯೋ ಬದಲಾಯಿಸೋದು ಹೆಂಗೆ ಅಂತ ನಮಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಒಳಗಿರೋದು ಹಿತ್ತಾಳೆ ನಾಲಗೆಗಳು. ನಾಲಗೆಯ ತುದಿ ಕೆರೆದ್ರೆ ಸ್ವರ ಏರ್ತದೆ, ಬುಡ ಕೆರೆದ್ರೆ ಇಳೀತದೆ. ಅಪ್ಪ ನಾಲ್ಕು ದಿನ ಜಗಲಿ ಮೇಲೆ ಕೂತು, ಮುಚ್ಚಳ ಬಿಚ್ಚಿ, ಸಣ್ಣ ಚಾಕಿನಲ್ಲಿ ಒಂದೊಂದೇ ನಾಲಗೆಯನ್ನ ಕೆರೆದು, ಆ ಆಟದ ಸಾಮಾನಿನ ಸ್ವರಕ್ಕೆ ಏರಿಸಿದ್ರು. ‘ಹೆಂಗೂ ಈ ವರ್ಷ ಶ್ರುತಿ ಮಾಡ್ಬೇಕಾಗಿತ್ತು’ ಅಂದ್ರು. ಅವ್ವ ನನ್ನ ಮುಖ ನೋಡಿ ಸುಮ್ಮನಿದ್ಲು.

ಆ ನಾಲ್ಕೈದು ವರ್ಷ ಕಲಿತದ್ದೇ ಕಲಿತದ್ದು.

ಆಮೇಲೆ ಕಾಲ ಕೆಟ್ಟಿತು. 1992ರಲ್ಲಿ ವೀರಪ್ಪನ್ ಕಡೆಯೋರು ರಾಮಾಪುರದ ಪೊಲೀಸ್ ಠಾಣೆ ಮೇಲೆ ಬಿದ್ದು ಪೊಲೀಸರನ್ನ ಕೊಂದ ಮೇಲೆ ನಮ್ಮ ಕಡೆ ಸಂಜೆ ಆದ್ರೆ ಬಾಗಿಲು ಹಾಕೋರು. ರಾತ್ರಿಯೆಲ್ಲ ನಾಟಕ ಆಡೋದು ಹೆಂಗೆ? ಜೊತೆಗೆ ಕ್ಯಾಸೆಟ್ಟು ಬಂದಿತ್ತು. ಮಾದಪ್ಪನ ಪದ, ಮಂಟೇಸ್ವಾಮಿ ಪದ ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಹೋಟೆಲು ಹೋಟೆಲಿನಲ್ಲೂ ಕೇಳೋದು. ಜಾತ್ರೆಗಳಿಗೆ ಆರ್ಕೆಸ್ಟ್ರಾ ಕರೆಸೋಕೆ ಸುರು ಮಾಡಿದ್ರು. ಹಾರ್ಮೋನಿಯಂ, ತಬಲ, ಪಿಟೀಲು, ಕೊಳಲು ನಾಲ್ಕೂ ಮಾಡೋ ಕೆಲಸವನ್ನ ಒಬ್ಬ ಹುಡುಗ ದೊಡ್ಡ ಕೀಬೋರ್ಡ್ ಇಟ್ಕಂಡು ಮಾಡೋನು. ಒಂದೂರಲ್ಲಿ ಅಪ್ಪನ್ನ ಕರೆದು, ಹೋದ ಮೇಲೆ ‘ಮೇಷ್ಟ್ರೇ, ಕ್ಯಾಸಿಯೋದೋರು ಬಂದವ್ರೆ, ನಿಮ್ಮ ಪೆಟ್ಗ ಕೆಳಗಿಳಿಸ್ಕಬುಡಿ’ ಅಂದ್ರಂತೆ. ಅಪ್ಪ ಮನೇಲಿ ಇದನ್ನ ಹೇಳಲಿಲ್ಲ. ಜೊತೆಗೆ ಹೋಗಿದ್ದ ತಬಲದೋರು ಹೇಳಿದ್ದು. ಆವತ್ತಿಂದ ಎಷ್ಟೋ ದಿನ ನಾನು ಕ್ಯಾಸಿಯೋ ಮುಟ್ಟಲಿಲ್ಲ. ನನ್ನದೇ ತಪ್ಪು ಅನ್ನೋ ಹಂಗಾಗಿತ್ತು.

1996ರಲ್ಲಿ ನಂಗೆ ಟಿಸಿಎಚ್ ಸೀಟು ಸಿಕ್ತು. ದುಡ್ಡಿರಲಿಲ್ಲ. ಆ ವರ್ಷ ಗೂಡಿನ ರೇಟೂ ಬಿದ್ದಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಜಗಲಿ ಮೂಲೆ ಖಾಲಿ. ಯಳಂದೂರು ಕಡೆಯ ಒಂದು ಭಜನೆ ಸಂಘದೋರು ಬಂದು ಗಾಡೀಲಿ ತಗಂಡು ಹೋಗಿದ್ರು. ನಾನು ಅತ್ತೆ. ಅಪ್ಪ, ‘ಅಳಬ್ಯಾಡ ಕೂಸು. ನಾಟ್ಕ ಇಲ್ದೆ ಇದ್ಮ್ಯಾಲ ಪೆಟ್ಗ ಇಲಿಗ ಮನ ಆಯ್ತದ. ಅಲ್ಲಾದ್ರೂ ಕೂಗ್ಲಿ’ ಅಂದ್ರು. ನಂಗೆ ಮೇಷ್ಟ್ರ ಕೆಲಸ ಸಿಕ್ತು. ಶಾಲೇಲಿ ಮಕ್ಕಳಿಗೆ ಹಾಡು ಹೇಳಿಕೊಡ್ತೀನಿ, ಹೆಣ್ಮಕ್ಕಳ ಕೈಗೇ ಮೊದಲು ಕೀಬೋರ್ಡ್ ಕೊಡ್ತೀನಿ. ಅಪ್ಪ 2011ರಲ್ಲಿ ತೀರ್ಕಂಡ್ರು.

ಈಗ ಕ್ಯಾಸಿಯೋ ಸಿಕ್ತಲ್ಲ, ಅದನ್ನ ಬಿಚ್ಚಿದೆ. ಕಿಲುಬಿಗೆ ನಿಂಬೆರಸ ಹಚ್ಚಿ ಉಜ್ಜಿ, ಒರೆಸಿ, ಬಿಸಿಲಲ್ಲಿ ಒಣಗಿಸಿದೆ. ಮನೆಗಳ ಕೆಳಗೆ ರಬ್ಬರಿನ ಗುಳ್ಳೆ, ಅದರ ತುದೀಲಿ ಕರೀ ಕಾರ್ಬನ್ನು. ಒತ್ತಿದಾಗ ಅದು ಹೋಗಿ ಕೆಳಗಿನ ಗೆರೆಗೆ ತಾಕಿದ್ರೆ ಸ್ವರ ಬರ್ತದೆ. ಧೂಳು ಕೂತ್ರೆ ಬರಲ್ಲ. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದ ಮೇಲೆ ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತನಾಲ್ಕು ಕೂಗಿದೊ. ಅದನ್ನ ಬ್ಯಾಗಿನಲ್ಲಿಟ್ಕಂಡು, ಅವ್ವನ್ನ ಕರ್ಕಂಡು, ಒಂದು ಸೋಮವಾರ ಆ ಯಳಂದೂರು ಕಡೆ ಊರಿಗೆ ಹೋದೆ.

ಪೆಟ್ಟಿಗೆ ಇತ್ತು! ತಿದಿಗೆ ಹೊಸ ರೆಕ್ಸಿನ್ ಹಾಕಿಸಿದ್ರು. ಯಾರದ್ದು ಅಂತ ಅಲ್ಲಿ ಯಾರಿಗೂ ನೆನಪಿಲ್ಲ. ಮುಚ್ಚಳ ತೆಗೆಸಿದೆ, ಒಳಗೆ ಅಪ್ಪ ಪೆನ್ಸಿಲಿನಲ್ಲಿ ಬರೆದ ಸ-ರಿ-ಗ ಗುರುತು ಹಂಗೇ ಇತ್ತು. ನುಡಿಸ್ತೀನಿ ಅಂದೆ. ಭಜನೆಯ ಹಿರಿಯರು ಒಂದು ಗಳಿಗೆ ಯೋಚನೆ ಮಾಡಿ, ‘ಕೂತ್ಕೊ ತಾಯಿ’ ಅಂದ್ರು. ಅವ್ವನ ಕೈಗೆ ಕ್ಯಾಸಿಯೋ ಕೊಟ್ಟು ಸಾ ಒತ್ತು ಅಂದೆ. ಮಧ್ಯದ ಸಾ ಕೂಡಿತು. ಪಾ ಕೂಡಲಿಲ್ಲ, ಮೂವತ್ತು ವರ್ಷದಲ್ಲಿ ಯಾರ‍್ಯಾರು ಕೆರೆದಿದ್ರೋ. ಕೊಂಡ್ಕೊಂಡು ಹೋಗ್ಬೇಕು ಅಂತ ದುಡ್ಡು ತಂದಿದ್ದೆ. ಭಜನೆ ಸುರುವಾದ ಮೇಲೆ ಕೇಳೋಕೆ ಮನಸು ಬರಲಿಲ್ಲ. ಪ್ರತಿ ಸೋಮವಾರ ಕೂಗ್ತಾ ಇರೋ ಪೆಟ್ಟಿಗೆಯನ್ನ ನಮ್ಮನೆ ಮೂಲೆಗೆ ತಂದು ಏನು ಮಾಡೋದು?

ಬಸ್ಸಿನಲ್ಲಿ ಅವ್ವ, ‘ನಿಮ್ಮಪ್ಪ ನಾಕು ದಿನ ಕೆರುದ್ದು ದಂಡ ಆಗ್ಲಿಲ್ಲ ಬುಡು’ ಅಂದ್ಲು.

ನಿಮ್ಮನೆ ಅಟ್ಟದಲ್ಲೂ ಇಂಥ ಹಳೇ ಕೀಬೋರ್ಡ್ ಒಂದಿದ್ರೆ ಈವತ್ತೇ ಇಳಿಸಿ, ಮೊದಲು ಸೆಲ್ಲು ತೆಗೆದಿಡಿ. ಆಮೇಲೆ ಮನೇಲಿರೋ ಹೆಣ್ಕೂಸಿನ ಕೈಗೆ ಕೊಡಿ.